ಬಣ್ಣದಂಗಡಿಯಲ್ಲಿ ಒಂದು ಬಾಟಲಿ ಹಾಲು

"ಎಲ್ಲರೂ ಸರಿಯಾಗಿ ಕೇಳಿಸ್ಕೊಳ್ಳಿ! ಈ ಮನೆಯೊಳಗೆ ಪೌಡರ್ ಹಾಲಿನ ಡಬ್ಬ ಕಾಲಿಡಬಾರದು. ನಾನು ಕೆಲಸಕ್ಕೂ ಹೋಗ್ತೀನಿ, ಮಗು ನನ್ನ ಹಾಲನ್ನೇ ಕುಡಿಯುತ್ತೆ. ಎರಡೂ ನಡೆಯುತ್ತೆ. ಅದಕ್ಕೆ ಬೇಕಾಗಿರೋದು ಶಿಸ್ತು, ಅಷ್ಟೇ!"

ಹೆರಿಗೆ ರಜೆ ಮುಗಿಯಲು ಇನ್ನೊಂದೇ ವಾರ ಇದೆ ಎನ್ನುವಾಗ ಶಿಸ್ತಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೊರಡಿಸಿದ ರಾಜಾಜ್ಞೆ ಇದು. "ಎಲ್ಲರೂ" ಎಂದರೆ ಈರುಳ್ಳಿ ಹೆಚ್ಚುತ್ತಿದ್ದ ಅತ್ತೆ, ಮುದ್ರಣಾಲಯದಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ನಿಂತಲ್ಲೇ ತೂಕಡಿಸುತ್ತಿದ್ದ ಗಂಡ, ಮತ್ತು ಆ ಗಂಡನ ಹೆಗಲ ಮೇಲೆ ಜೊಲ್ಲು ಸುರಿಸುತ್ತಿದ್ದ ನಾಲ್ಕು ತಿಂಗಳ ಸಾಹೇಬರು. ಮಗುವನ್ನು ಮನೆಯಲ್ಲಿ ಎಲ್ಲರೂ ಸಾಹೇಬರು ಎಂದೇ ಕರೆಯುವುದು. ಕೂತಲ್ಲಿಗೆ ಸೇವೆ, ಕೂಗಿದರೆ ಓಟ, ಸಂಬಳ ಮಾತ್ರ ಇಲ್ಲ!

ಅತ್ತೆ ಚಾಕು ಕೆಳಗಿಟ್ಟರು. "ಡಬ್ಬ ಆಗಲೇ ಕಾಲಿಟ್ಟಾಗಿದೆಯಲ್ಲಮ್ಮಾ. ನಿನ್ನೆನೇ ತಂದು ಮೇಲಿನ ಕಪಾಟಲ್ಲಿ ಇಟ್ಟಿದ್ದೀನಿ, ಇರಲಿ ಅಂತ."

"ಏನು ಇರಲಿ ಅಂತ?"

"ಏನಾದ್ರೂ ಆದ್ರೆ ಇರಲಿ ಅಂತ."

"ಏನೂ ಆಗಲ್ಲ ಅತ್ತೆ!"

ಹಾಗೆಂದವಳೇ ಸ್ಟೂಲು ಹತ್ತಿ ಡಬ್ಬ ಇಳಿಸಿ, ಕೆಳಗಿನ ಮನೆಯ ಬಾಣಂತಿಗೆ ಕೊಟ್ಟು ಬಂದೇಬಿಟ್ಟಳು. ಮೆಟ್ಟಿಲು ಹತ್ತಿ ಬರುವಾಗ ಅವಳ ನಡಿಗೆಯಲ್ಲಿ ದಂಡಯಾತ್ರೆ ಗೆದ್ದ ಗತ್ತಿತ್ತು.

ಶಿಸ್ತಮ್ಮ ಎಂಬುದು ಹೆತ್ತವರು ಇಟ್ಟ ಹೆಸರೇನಲ್ಲ. ಅವಳು ಕೆಲಸ ಮಾಡುವ ಬಣ್ಣದಂಗಡಿಯವರು ಬೆನ್ನ ಹಿಂದೆ ಇಟ್ಟಿದ್ದು. ಅಂಗಡಿಯಲ್ಲಿ ಅವಳದು ಬಣ್ಣ ಹೊಂದಿಸುವ ಕೆಲಸ. ಗಿರಾಕಿಗಳು ಗೋಡೆಯಿಂದ ಕೆರೆದ ಚಕ್ಕೆಯನ್ನೋ, ಹಳೆಯ ಡಬ್ಬದಲ್ಲಿ ಉಳಿದ ಬಣ್ಣವನ್ನೋ ತಂದು "ಇಂಥದ್ದೇ ಬೇಕು" ಎನ್ನುತ್ತಾರೆ. ಅದನ್ನು ಸಣ್ಣ ಬಾಟಲಿಗೆ ಹಾಕಿ ಬಣ್ಣ ಗುರುತಿಸುವ ಯಂತ್ರಕ್ಕೆ ತೋರಿಸಿ, ಅಂಥದ್ದೇ ಬಣ್ಣ ಬೆರೆಸಿ ಕೊಡಬೇಕು. ಅವಳು ಬರುವ ಮೊದಲು ಬಾಟಲಿಗಳು ಅದಲು ಬದಲಾಗಿ, ಶಾಲೆಯ ಹಸಿರು ಹಜಾಮರ ಅಂಗಡಿಗೂ ಹಜಾಮರ ಗುಲಾಬಿ ಶಾಲೆಗೂ ಹೋಗಿ ದೊಡ್ಡ ರಾದ್ಧಾಂತವಾಗಿತ್ತು. ಅವಳು ಬಂದು ಕಾನೂನು ಮಾಡಿದಳು: ಮಾದರಿ ಬಾಟಲಿಗೆ ಹಳದಿ ಚೀಟಿ ಅಂಟಿಸಬೇಕು. ಮೇಜಿನ ಮೇಲೆ ಹಳದಿ ಚೀಟಿಯ ಬಾಟಲಿ ಕಂಡರೆ ಯಾರೂ ಏನೂ ಕೇಳದೆ ಯಂತ್ರಕ್ಕೆ ಹಾಕಬೇಕು. ಗಿರಾಕಿ ಒಪ್ಪಿದ ಮಾದರಿ, ಪೂರ್ತಿ ಬಣ್ಣ ಕಳಿಸುವ ತನಕ ಗಾಜಿನ ಕಪಾಟಿನಲ್ಲಿ ಬೀಗದೊಳಗೆ. ಅಂದಿನಿಂದ ಒಂದು ಗೋಡೆಯೂ ತಪ್ಪಿಲ್ಲ.

ಅದೇ ಶಿಸ್ತನ್ನು ಅವಳು ಈಗ ಹಾಲಿಗೂ ತಂದಳು. ಹಾಲು ಹಿಂಡುವ ಪುಟ್ಟ ಯಂತ್ರ ಬಂತು. ಅಂಗಡಿಯ ಮಾದರಿ ಬಾಟಲಿಯಂಥವೇ ಸಣ್ಣ ಬಾಟಲಿಗಳು ಬಂದವು. ವಾರವಿಡೀ ತಾಲೀಮು! ಅವಳು ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂರುವುದು, ಗಂಡ ಬಾಟಲಿಯಲ್ಲಿ ಕುಡಿಸುವುದು. ಸಾಹೇಬರು ಮೊದಲು ಬಾಟಲಿಯನ್ನು ನಾಲಿಗೆಯಿಂದಲೇ ಹೊರಗೆ ತಳ್ಳಿದರು, ಆಮೇಲೆ ದೊಡ್ಡ ಮನಸ್ಸು ಮಾಡಿ ಒಪ್ಪಿದರು. ಒಮ್ಮೆ ಗಂಡ ಬಾಗಿಲು ಬಡಿದ.

"ಬಾಟಲಿ ಬಿಸಿ ಆಗೋಷ್ಟರಲ್ಲಿ ತುಂಬಾ ಅಳ್ತಿದ್ದಾನೆ ಕಣೇ, ನೀನೇ ಒಂದು ಸಲ..."

"ಆಗಲ್ಲ ರೀ! ಕೆಲಸದ ಹೊತ್ತಲ್ಲಿ ನಾನು ಅಮ್ಮ ಅಲ್ಲ. ನಾನು ಸರಬರಾಜು ವಿಭಾಗ. ಬಾಟಲಿ ಅಂದ್ರೆ ಬಾಟಲಿ!"

ಗಂಡ ಬಾಟಲಿ ಬಿಸಿ ಮಾಡಲು ಹೋದ. ಒಳಗೆ ಸರಬರಾಜು ವಿಭಾಗ ದಿಂಬು ಕಚ್ಚಿಕೊಂಡು ಅಳುತ್ತಿತ್ತು ಎಂಬುದು ಬೇರೆ ಮಾತು.

ಕೆಲಸಕ್ಕೆ ಮರಳುವ ದಿನ ಬಂತು. ಶಿಸ್ತಮ್ಮ ಬಾಗಿಲು ದಾಟಿದಳು, ವಾಪಸ್ ಬಂದು ಸಾಹೇಬರ ಹಣೆ ಮುಟ್ಟಿ ನೋಡಿದಳು. ಬೀದಿಯ ತಿರುವಿನವರೆಗೆ ಹೋದಳು, ಫ್ರಿಜ್ ಬಾಗಿಲು ಸರಿಯಾಗಿ ಹಾಕಿದೆಯೋ ಇಲ್ಲವೋ ಎಂದು ಓಡಿ ಬಂದಳು. ಮೂರನೆಯ ಬಾರಿ ಬಂದಾಗ ಅತ್ತೆ ಬಾಗಿಲಲ್ಲೇ ಅಡ್ಡ ನಿಂತಿದ್ದರು.

"ಹೋಗ್ತೀಯೋ, ಇಲ್ಲ ನಾನೇ ಹೋಗಿ ಬಣ್ಣ ಕಲಸ್ಲೋ?"

ಅಂಗಡಿ ತಲುಪಿದರೂ ಅವಳ ಜೀವ ಮನೆಯಲ್ಲೇ. ನೀಲಿ ಬೆರೆಸುವಾಗ ಸಾಹೇಬರು ಬಿಕ್ಕಳಿಸಿದಂತೆ, ಕೆಂಪು ಬೆರೆಸುವಾಗ ಮಂಚದಿಂದ ಉರುಳಿದಂತೆ ಅನ್ನಿಸುತ್ತಿತ್ತು. ಹಾಲು ಹಿಂಡುವ ಹೊತ್ತಾದಾಗ ಚೀಲ ಎದೆಗವಚಿಕೊಂಡು ಹಿಂದಿನ ಉಗ್ರಾಣಕ್ಕೆ ನುಗ್ಗಿದಳು. ಒಳಗಿನಿಂದ ಚಿಲಕವಿಲ್ಲ, ಬಾಗಿಲಿಗೆ ಎರಡು ದೊಡ್ಡ ಡಬ್ಬ ಅಡ್ಡ ಕೊಟ್ಟಳು. ಯಂತ್ರದ ಸದ್ದಿನ ಚಿಂತೆ ಇರಲಿಲ್ಲ. ಹೊರಗೆ ಡಬ್ಬಗಳನ್ನು ಕುಲುಕುವ ಯಂತ್ರ ಅದಕ್ಕಿಂತ ಹತ್ತು ಪಟ್ಟು ಗಡಗಡ ಎನ್ನುತ್ತಿತ್ತು. ಆದರೆ ಹಾಲು? ಹಾಲು ಇಳಿಯಲೊಲ್ಲದು! ಗಡಿಯಾರ ನೋಡಿದಷ್ಟೂ ಹಾಲು ಮುಷ್ಕರ ಹೂಡಿತು. ಕೂತಳು, ಎದ್ದಳು, ಡಬ್ಬದ ಮೇಲೆ ಕೂತಳು, ಗೋಡೆಗೆ ಒರಗಿದಳು. ಕೊನೆಗೆ ಫೋನಿನಲ್ಲಿ ಸಾಹೇಬರು ಆಕಳಿಸುವ ಒಂದು ಫೋಟೋ ತೆಗೆದು ನೋಡಿದಳು ನೋಡಿ, ಮಳೆ ಬಂದಂತೆ ಇಳಿಯಿತು. ಬಾಟಲಿ ಕುತ್ತಿಗೆಯ ತನಕ ತುಂಬಿತು.

ಶಿಸ್ತಮ್ಮನ ಕಣ್ಣಲ್ಲಿ ನೀರಾಡಿತು. ಅಂಥ ಹೆಮ್ಮೆ ಅವಳಿಗೆ ಮಗು ಹೆತ್ತಾಗಲೂ ಆಗಿರಲಿಲ್ಲ. ಮುಚ್ಚಳ ತಿರುಗಿಸಿದಳು. ಅವಳು ಹೆಮ್ಮೆಯಲ್ಲಿ ತೇಲುತ್ತಿರುವಾಗ ಕೈ, ವರ್ಷಗಳ ಅಭ್ಯಾಸಬಲದಿಂದ ತನ್ನಷ್ಟಕ್ಕೆ ತಾನೇ ಏಪ್ರನ್ ಜೇಬಿಗೆ ಹೋಯಿತು. ಒಂದು ಹಳದಿ ಚೀಟಿ ತೆಗೆಯಿತು. ಬಾಟಲಿಗೆ ಅಂಟಿಸಿತು. ಮೇಲೆ ಸಹಿಯನ್ನೂ ಹಾಕಿತು!

"ಏನಮ್ಮಾ, ಎಲ್ಲಿದ್ದೀಯ? ಇಲ್ಲೊಬ್ಬರು ಗೋಡೆಗೆ ಬಳಿದ ಬಣ್ಣ ಉಬ್ಬಿದೆ ಅಂತ ಕಿರುಚಾಡ್ತಿದ್ದಾರೆ!" ಎಂದು ಮಾಲೀಕರು ಕೂಗಿದರು. ಅವಳು ಬಾಟಲಿಯನ್ನು ಅಂಗಡಿಯ ಫ್ರಿಜ್ಜಿನಲ್ಲಿಡಲು ಹೊರಟವಳು, ದಾರಿಯಲ್ಲಿ ಸಿಕ್ಕ ಕೆಲಸದ ಮೇಜಿನ ಮೇಲೆ ಒಂದು ಕ್ಷಣಕ್ಕೆಂದು ಇಟ್ಟು ಓಡಿದಳು.

ಗೋಡೆ ಉಬ್ಬಿದವರ ಕೋಪ ಇಳಿಯುವುದಕ್ಕೆ ಅರ್ಧ ಗಂಟೆಗೂ ಮೇಲಾಯಿತು. ಅವರು ಇನ್ನೂ ಬಾಗಿಲಲ್ಲಿರುವಾಗಲೇ ಫೋನು ಬಡಿದುಕೊಂಡಿತು. ಗಂಡ.

"ಕೋಪ ಮಾಡ್ಕೋಬೇಡ. ಸಾಹೇಬರು ಸಂಜೆ ತನಕ ಅಂತ ಇಟ್ಟಿದ್ದನ್ನೆಲ್ಲ ಆಗಲೇ ಕುಡಿದು ಮುಗಿಸಿದ್ರು."

"ಎಲ್ಲಾನೂ? ನೀವು ಯಾಕೆ ಕೊಟ್ರಿ?"

"ಕೇಳಿದ್ರು, ಕೊಟ್ಟೆ. ಈಗ ನಿದ್ದೆ ಮಾಡಿ ಎದ್ದು ಮತ್ತೆ ಕೇಳ್ತಿದ್ದಾರೆ. ಮನೆಯಲ್ಲಿ ಒಂದು ಹನಿ ಇಲ್ಲ. ಡಬ್ಬ ಇದ್ದಿದ್ರೆ... ಹೋಗಲಿ ಬಿಡು. ನಾನು, ಅಮ್ಮ, ಮಗು ಹೊರಟಾಯ್ತು. ಬಾಟಲಿ ರೆಡಿ ಇಟ್ಕೋ!"

ಹಿನ್ನೆಲೆಯಲ್ಲಿ ಸಾಹೇಬರ ಆಕ್ರಂದನ ಕಿವಿಗೆ ಬಿದ್ದದ್ದೇ ತಡ, ಶಿಸ್ತಮ್ಮನ ರವಿಕೆ ಒದ್ದೆಯಾಯಿತು. "ಥತ್, ಇದೊಂದು!" ಎಂದು ಏಪ್ರನ್ ಎಳೆದು ಬಿಗಿಯಾಗಿ ಕಟ್ಟಿಕೊಂಡು ಮೇಜಿಗೆ ಓಡಿದಳು. ಬಾಟಲಿ ಇರಲಿಲ್ಲ.

ಮೇಜಿನ ಕೆಳಗೆ ಇಲ್ಲ. ಫ್ರಿಜ್ಜಿನಲ್ಲಿ ಇಲ್ಲ. ಕಸದ ಬುಟ್ಟಿಯನ್ನೂ ಬೋರಲು ಹಾಕಿದಳು. ಅಷ್ಟರಲ್ಲಿ ಅಂಗಡಿಯ ಮುಂಭಾಗದಿಂದ ಒಂದು ಹರ್ಷೋದ್ಗಾರ ಕೇಳಿಸಿತು.

"ಇದೇ! ಇದೇ ಕಣ್ರೀ ನನಗೆ ಬೇಕಾಗಿದ್ದ ಬಿಳಿ!"

ಕೂಗಿದವರು ಹೋಟೆಲಿನ ಯಜಮಾನಿ. ತಿಂಗಳುಗಳಿಂದ ಅಂಗಡಿಯವರ ಜೀವ ಹಿಂಡಿದ್ದ ಗಿರಾಕಿ! ಕೊಟ್ಟ ಬಿಳಿಯನ್ನೆಲ್ಲ ತಳ್ಳಿಹಾಕಿದ್ದರು. ಒಂದು ಆಸ್ಪತ್ರೆಯ ಹಾಗಿದೆ, ಇನ್ನೊಂದು ಕಟ್ಟಿಸಿದ ಹಲ್ಲಿನ ಹಾಗಿದೆ, ಮತ್ತೊಂದು ನೋಡಿದರೆ ಚಳಿಜ್ವರ ಬರುತ್ತದೆ. ಈಗ ಅವರು ಹೊಸ ಬಿಳಿ ಬಳಿದ ಒಂದು ಹಲಗೆಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು.

"ನೋಡಿದ್ರೆ ಮನಸ್ಸಿಗೆ ಏನೋ ಸಮಾಧಾನ ಆಗುತ್ತೆ. ಹಸಿವಾದ ಹಾಗೂ ಆಗುತ್ತೆ. ಹೋಟೆಲಿಗೆ ಇನ್ನೇನು ಬೇಕು? ಎಲ್ಲ ಕೋಣೆಗೂ ಇದೇ ಬಳೀರಿ!"

ಪಕ್ಕದಲ್ಲಿ ಬ್ರಶ್ಶಣ್ಣ ಎದೆಯುಬ್ಬಿಸಿ ನಿಂತಿದ್ದ. ಮೀಸೆ ಬಣ್ಣದ ಬ್ರಶ್ಶಿನಂತೆ ಇದ್ದದ್ದರಿಂದ ಆ ಹೆಸರು. ಅವನು ಅಂಗಡಿಯ ಎರಡನೆಯ ಬಣ್ಣಗಾರ. "ಅಕ್ಕಾ, ನೀವಿಟ್ಟ ಮಾದರಿ ಮೇಜಿನ ಮೇಲಿತ್ತಲ್ಲ, ಹಳದಿ ಚೀಟಿ ಹಾಕಿದ್ದು? ಏನೂ ಕೇಳದೆ ಯಂತ್ರಕ್ಕೆ ಹಾಕ್ದೆ. ಎಲ್ಲಿಂದ ತಂದ್ರಿ ಅಕ್ಕಾ ಇಂಥ ಬಿಳಿ?"

ಶಿಸ್ತಮ್ಮ ಅವನ ತೋಳು ಹಿಡಿದು ಅಲುಗಿಸಿದಳು. "ಬಾಟಲಿ ಎಲ್ಲಿ?"

"ಗಾಜಿನ ಕಪಾಟಲ್ಲಿ. ಗಿರಾಕಿ ಒಪ್ಪಿದ್ರಲ್ಲ, ಬೀಗ ಹಾಕಾಯ್ತು."

ಗಾಜಿನೊಳಗೆ, ಬಗೆಬಗೆಯ ಹಸಿರು ನೀಲಿಗಳ ನಡುವೆ, ಅವಳ ಬೆಳಗಿನ ತಪಸ್ಸಿನ ಫಲ ಹಳದಿ ಚೀಟಿ ಧರಿಸಿ ಕೂತಿತ್ತು. ಬೀಗದ ಕೈ ಮಾಲೀಕರ ಸೊಂಟದಲ್ಲಿ.

"ಸರ್, ಆ ಬಾಟಲಿ ಸ್ವಲ್ಪ ಕೊಡಿ."

"ಕೊಡೋ ಹಾಗಿಲ್ಲಮ್ಮಾ. ಪೂರ್ತಿ ಬಣ್ಣ ಹೋಗೋ ತನಕ ಮಾದರಿ ಆಚೆ ಬರಬಾರದು. ನಿನ್ನದೇ ಕಾನೂನು."

"ಕಾನೂನು ಮಾಡಿದವಳೇ ಕೇಳ್ತಿದ್ದೀನಿ ಸರ್!"

"ಕಾನೂನು ಮಾಡಿದವಳೇ ಮುರಿದ್ರೆ ಹೇಗಮ್ಮಾ? 'ನಾನೇ ಬಂದು ಕೇಳಿದ್ರೂ ಕೊಡಬೇಡಿ' ಅಂತ ನೀನೇ ಹೇಳಿದ್ದೆ."

ಹೇಳಿದ್ದು ನಿಜ. ಶಿಸ್ತಮ್ಮ ತನ್ನ ಬಾಯಿಗೆ ತಾನೇ ಮನಸ್ಸಿನಲ್ಲಿ ಎರಡು ಬಿಟ್ಟಳು. "ಅದು ಬೇಗ ಕೆಡುತ್ತೆ ಸರ್."

"ಪೇಂಟು ಕೆಡುತ್ತಾ?"

"ಇದು ಕೆಡುತ್ತೆ. ಇದು... ಇದು ನೈಸರ್ಗಿಕ."

"ನೈಸರ್ಗಿಕ!" ಎಂದು ಯಜಮಾನಿ ಇನ್ನಷ್ಟು ಅರಳಿದರು. "ಹಾಗಾದ್ರೆ ಊಟದ ಕೋಣೆಗೂ ಇದೇ ಇರಲಿ!"

ಆಗ ಬೀದಿಯ ಕೊನೆಯಿಂದ ಒಂದು ಅಳು ಶುರುವಾಗಿ ಹತ್ತಿರವಾಗುತ್ತಾ ಬಂತು. ಅಂಗಡಿಯ ಬಾಗಿಲು ತೆರೆದುಕೊಂಡಿತು. ಗಂಡ ಬೆವರುತ್ತಾ ಒಳಗೆ ಬಂದ. ಅವನ ತೋಳಲ್ಲಿ ಸಾಹೇಬರು ಬೀಟ್‌ರೂಟ್ ಬಣ್ಣಕ್ಕೆ ತಿರುಗಿದ್ದರು.

"ಎಲ್ಲಿ ಬಾಟಲಿ? ಬೇಗ!"

ಶಿಸ್ತಮ್ಮ ಮಗುವನ್ನು ಕಿತ್ತುಕೊಂಡಳು. ಸಾಹೇಬರು ಬಾಯಿ ತೆರೆದರೆ ಕಿರುನಾಲಿಗೆ ಅದುರುವುದು ಕಾಣುತ್ತಿತ್ತು. ಅವಳಿಗಿನ್ನು ತಡೆಯಲಾಗಲಿಲ್ಲ.

"ಸರ್, ಅದು ಪೇಂಟ್ ಅಲ್ಲ! ನನ್ನ ಹಾಲು! ನನ್ನ ಮಗುವಿನ ಊಟ! ಬೀಗ ತೆಗೀರಿ!"

ಮಾಲೀಕರು ಬೀಗದ ಕೈಗಾಗಿ ಸೊಂಟ, ಜೇಬು, ಟೋಪಿ ಎಲ್ಲ ತಡಕಾಡಿದರು. ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡೇ ಬೀಗ ತೆಗೆದರು. ಹೋಟೆಲಿನ ಯಜಮಾನಿ ಕೈಯಲ್ಲಿದ್ದ ಹಲಗೆಯನ್ನೊಮ್ಮೆ, ಸಾಹೇಬರನ್ನೊಮ್ಮೆ ನೋಡಿ ಹೇಳಿದರು: "ಏನಾದ್ರೂ ಆಗಲಿ, ಬಣ್ಣ ಮಾತ್ರ ಬದಲಾಯಿಸಬೇಡಿ!"

ಶಿಸ್ತಮ್ಮ ಬಾಟಲಿಗೆ ಕೈ ಹಾಕಿದಳು. ಬ್ರಶ್ಶಣ್ಣ ಕೆಮ್ಮಿದ.

"ಅಕ್ಕಾ... ಕುಡಿಸಬೇಡಿ."

"ಯಾಕೆ?"

"ಮಾದರಿ ತುಂಬಾ ನೀರಾಗಿದೆ ಅನ್ನಿಸ್ತು. ಗಟ್ಟಿಯಾಗಲಿ ಅಂತ ಒಂದು ಚಮಚ ಪೌಡರ್ ಹಾಕಿದ್ದೀನಿ."

ಪೌಡರ್! ಯಾವ ಪದವನ್ನು ಮನೆಯ ಹೊಸ್ತಿಲು ದಾಟಗೊಡೆನೆಂದು ಅವಳು ಗುಡುಗಿದ್ದಳೋ ಅದೇ ಪದ! ಅದೂ ಬಣ್ಣ ಗಟ್ಟಿ ಮಾಡುವ ಪೌಡರ್! ಶಿಸ್ತಮ್ಮ ಬಾಟಲಿಯನ್ನು ಬೋರಲು ಹಿಡಿದು ನೋಡಿದಳು. ಒಂದು ತೊಟ್ಟೂ ಕೆಳಗೆ ಬೀಳಲಿಲ್ಲ. ಒಳಗೆ ಅದು ಗೋಡೆ ಬಳಿಯಲು ಪೂರ್ತಿ ಸಿದ್ಧವಾಗಿತ್ತು.

ಮುಂದಿನದು ಅಂಗಡಿಯಲ್ಲ, ಸಂತೆ. ಗಂಡ "ಪೌಡರ್ ಹಾಲು ಸಿಗೋ ಔಷಧಿ ಅಂಗಡಿ ಎಲ್ಲಿದೆ?" ಎನ್ನುತ್ತಾ ಬಲಕ್ಕೆ ಓಡಿದ, ಅಲ್ಲಿಲ್ಲವೆಂದು ಎಡಕ್ಕೆ ಓಡಿದ. ಕೆಳಗಿನ ಮನೆಯ ಬಾಣಂತಿಗೆ ಶಿಸ್ತಮ್ಮ ಡಬ್ಬ ಕೊಟ್ಟ ಕಥೆಯನ್ನು ಗಂಡನಿಂದ ಕೇಳಿದ ಬ್ರಶ್ಶಣ್ಣ, ಅದನ್ನು ವಾಪಸ್ ತರಲು ವಿಳಾಸ ಕೇಳುತ್ತಿದ್ದ. ಮಾಲೀಕರು ಮಗುವನ್ನು ನಗಿಸಲೆಂದು ಬಣ್ಣದ ಮಾದರಿ ಪಟ್ಟಿಗಳ ಕಟ್ಟನ್ನು ಬೀಸಣಿಗೆಯಂತೆ ಬಿಚ್ಚಿ ಬೀಸುತ್ತಿದ್ದರು. ಯಜಮಾನಿ ಫೋನಿನಲ್ಲಿ ತಮ್ಮ ಹೋಟೆಲಿನ ಅಡುಗೆಯವನಿಗೆ ಬೆಚ್ಚಗಿನ ಏನನ್ನಾದರೂ ಕಳಿಸುವಂತೆ ಆಜ್ಞೆ ಮಾಡುತ್ತಿದ್ದರು. ಈ ಎಲ್ಲರ ನಡುವೆ ಶಿಸ್ತಮ್ಮ ಒಂದು ದೊಡ್ಡ ಡಬ್ಬದ ಮೇಲೆ ಕುಸಿದು ಕೂತು, ಮಗುವಿಗಿಂತ ಜೋರಾಗಿ ಅಳುತ್ತಿದ್ದಳು. ಎಲ್ಲ ಮುಗಿಯಿತು. ತನ್ನಿಂದ ಆಗಲಿಲ್ಲ. ಕೆಲಸವೂ ನೆಟ್ಟಗಾಗಲಿಲ್ಲ, ಮಗುವಿನ ಹೊಟ್ಟೆಯೂ ತುಂಬಲಿಲ್ಲ. ಸಾಹೇಬರು ಅವಳ ಏಪ್ರನ್ನಿಗೆ ಮುಖ ತಿಕ್ಕುತ್ತಾ, ಅದರ ಅಂಚನ್ನು ಬಾಯಲ್ಲಿ ಕಚ್ಚಿ ಎಳೆಯುತ್ತಿದ್ದರು. ಅವಳು ಆ ಪುಟ್ಟ ತಲೆಯನ್ನು ಮೆಲ್ಲಗೆ ಆಚೆ ಸರಿಸುತ್ತಾ, "ತಾಳು ಕಂದಾ, ತಾಳು, ಎಲ್ಲಿಂದಾದ್ರೂ ಬಾಟಲಿ ತರಿಸ್ತೀನಿ" ಎಂದು ಬಿಕ್ಕುತ್ತಿದ್ದಳು.

ಮಂಡಿನೋವಿನಿಂದ ದಾರಿಯಲ್ಲೇ ಹಿಂದೆ ಬಿದ್ದಿದ್ದ ಅತ್ತೆ ಆಗಷ್ಟೇ ನಿಧಾನವಾಗಿ ಒಳಗೆ ಬಂದರು. ಓಡುತ್ತಿದ್ದವರನ್ನು ನೋಡಿದರು. ಬಾಟಲಿ ನೋಡಿದರು. ಸೊಸೆಯ ಏಪ್ರನ್ನಿನ ಎರಡೂ ಬದಿ ಒದ್ದೆಯಾಗಿ ತೊಟ್ಟಿಕ್ಕುತ್ತಿದ್ದುದನ್ನೂ ನೋಡಿದರು. ಆಮೇಲೆ ಸೆರಗಿನಿಂದ ಅವಳ ಕಣ್ಣು ಒರೆಸಿ, ಏಪ್ರನ್ನಿನ ಗಂಟು ಬಿಚ್ಚುತ್ತಾ ಹೇಳಿದರು:

"ಅಲ್ಲಮ್ಮಾ, ಲೋಟ ಹಾಳಾಯ್ತು ಅಂತ ಬಾವಿನೇ ಕೂತ್ಕೊಂಡು ಅಳೋದನ್ನ ನಾನು ಇವತ್ತೇ ನೋಡಿದ್ದು!"