ಡಚೆಸ್‌ಳ ವರ್ಗಾವಣೆ

ತಮ್ಮದು ನಾಯಿಪಾಡು ಎಂದು ಗೋಳಾಡುವವರು ಊರಿಗೆ ಹತ್ತು ಜನ ಸಿಗುತ್ತಾರೆ. ಅವರಲ್ಲಿ ಒಬ್ಬರೂ ನಾಯಿಯ ಪಾಡನ್ನು ಹತ್ತಿರದಿಂದ ನೋಡಿದವರಲ್ಲ ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ನಮ್ಮ ಮನೆಯಲ್ಲಿ ನಾಯಿಗೆ ಕಿಟಕಿ ಪಕ್ಕದ, ಬಿಸಿಲು ಬೀಳುವ ಆರಾಮಕುರ್ಚಿ. ನನಗೆ ಅಡುಗೆಮನೆಯ ಸ್ಟೂಲು. ನಾಯಿಗೆ ಮಾಂಸ ಹತ್ತಿದ ಮೂಳೆ. ನನಗೆ, ಡಾಕ್ಟರು ನನ್ನ ರಕ್ತವನ್ನು ಪರೀಕ್ಷೆ ಮಾಡಿದಂದಿನಿಂದ, ಬೇಯಿಸಿದ ಕುಂಬಳಕಾಯಿ.

ನನ್ನ ಹೆಸರು ಮರ್ವ್. ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು. ಹೆಂಡತಿ ನೋಲೀನ್. (ಅವಳ ಹೆಸರನ್ನು ಮೊದಲು ಬರೆಯಬೇಕಿತ್ತೇನೋ. ಈಗಾಗಲೇ ಬರೆದಾಗಿದೆ.) ನಾಯಿಯ ಹೆಸರು ಡಚೆಸ್, ಅಂದರೆ ರಾಣಿಸಾಹೇಬರು. ಕೆಲ್ಪಿ ಜಾತಿ. ಕುರಿಮಂದೆ ಕಾಯಲೆಂದೇ ಹುಟ್ಟಿದ ವಂಶ.

ರಾಣಿಸಾಹೇಬರು ನಮ್ಮ ಮನೆಗೆ ಚಿತ್ತೈಸಿದ್ದು ನೋಲೀನಳ ಅಣ್ಣ ಲಯನೆಲ್ ತೀರಿಕೊಂಡಾಗ. ಮದುವೆಯಾಗದ ಅವನು ಜೀವಮಾನವಿಡೀ ಕುರಿ ಫಾರ್ಮುಗಳಲ್ಲಿ ದುಡಿದು ಬಿಟ್ಟುಹೋದ ಆಸ್ತಿ ಎಂದರೆ ಒಂದು ಕುದುರೆ ಜೀನು, ಹಾಡದ ರೇಡಿಯೋ, ಮತ್ತು ಈ ನಾಯಿ. ಜೀನನ್ನು ಯಾರೋ ಒಯ್ದರು, ರೇಡಿಯೋ ಯಾರಿಗೂ ಬೇಡವಾಯಿತು, ನಾಯಿಯನ್ನು ನೋಲೀನ್ ಮನೆಗೆ ತಂದಳು. "ಇಡೀ ಜಿಲ್ಲೇಲಿ ಇಂಥ ಕುರಿನಾಯಿ ಇನ್ನೊಂದಿಲ್ಲ" ಎಂದು ಲಯನೆಲ್ ಬದುಕಿದ್ದಾಗ ಹೇಳುತ್ತಿದ್ದ.

ನಮ್ಮ ಮನೆಯಲ್ಲಿ ಕುರಿಗಳಿರಲಿಲ್ಲ. ಇದ್ದದ್ದು ನಾನು.

ಹಿತ್ತಲಿನ ಶೆಡ್ಡಿನಲ್ಲಿ ನೆಮ್ಮದಿಯಾಗಿ ಮೊಳೆಗಳನ್ನು ದೊಡ್ಡದು ಚಿಕ್ಕದು ಎಂದು ಬೇರೆ ಮಾಡುತ್ತ ಕುಳಿತಿದ್ದರೆ, ಸರಿಯಾಗಿ ನಾಲ್ಕು ಗಂಟೆಗೆ ಬಾಗಿಲಲ್ಲಿ ಎರಡು ಹಳದಿ ಕಣ್ಣುಗಳು. ಬೊಗಳುವುದಿಲ್ಲ, ಕಚ್ಚುವುದಿಲ್ಲ. ಸುಮ್ಮನೆ ನೋಡುವುದು. ಆಮೇಲೆ ಹಿಂದಿನಿಂದ ಬಂದು ಮೂಗಿನಿಂದ ಮೀನಖಂಡಕ್ಕೆ ಒಂದು ತಿವಿತ. ಎರಡು ತಿವಿತಕ್ಕೆ ನಾನು ಅಡುಗೆಮನೆಯಲ್ಲಿರುತ್ತಿದ್ದೆ. ಪಬ್ಬಿಗೆ ಹೋದರೂ ಅಷ್ಟೇ. ಮೊದಲನೇ ಬಿಯರಿನ ನೊರೆ ಇಳಿಯುವಷ್ಟರಲ್ಲಿ ಗೆಳೆಯರು ಕೂಗುತ್ತಿದ್ದರು: "ಮರ್ವ್, ನಿನ್ನ ವಾರಂಟ್ ಬಂತು ನೋಡೋ!"

ಇದನ್ನೆಲ್ಲ ನಾನು ಬುದ್ಧನಂತೆ ಸಹಿಸಿದೆ. ಸಹಿಸಲಾಗದ್ದು ನಡೆದದ್ದು, ಹುಲ್ಲಿನ ಮೇಲೆ ಚೆಂಡು ಉರುಳಿಸಿ ಆಡುವ ಬೌಲಿಂಗ್ ಕ್ಲಬ್ಬಿನ ಮಹಿಳೆಯರು ನಮ್ಮ ಮನೆಗೆ ಚಹಾಕ್ಕೆ ಬಂದ ದಿನ. ಏಳು ಜನ, ತಲೆಯಿಂದ ಕಾಲಿನವರೆಗೂ ಬಿಳಿ ಬಟ್ಟೆ, ಬಿಳಿ ಟೋಪಿ, ಅಂಗಳದ ತುಂಬ ಚದುರಿಕೊಂಡು ಮಾತಾಡುತ್ತಿದ್ದರು. ಅದನ್ನು ನೋಡಿ ಡಚೆಸ್‌ಳ ರಕ್ತ ಕುದಿದಿರಬೇಕು. ನಾನು ಕೇಕಿನ ತಟ್ಟೆ ಹಿಡಿದು ಹೊರಗೆ ಬರುವಷ್ಟರಲ್ಲಿ ಏಳೂ ಜನ ಕೋಳಿಗೂಡಿನೊಳಗಿದ್ದರು. ಬಾಗಿಲಲ್ಲಿ ಡಚೆಸ್ ಕುಳಿತಿದ್ದಳು, ನಾಲಿಗೆ ಹೊರಗೆ ಹಾಕಿಕೊಂಡು, ಪ್ರಶಸ್ತಿಗಾಗಿ ಕಾಯುವವಳಂತೆ. ಕ್ಲಬ್ಬಿನ ಅಧ್ಯಕ್ಷೆ ಮಿಸೆಸ್ ಪ್ರೆಂಡರ್ಗಾಸ್ಟ್ ಅವರ ಟೋಪಿಯ ಮೇಲೆ ನಮ್ಮ ಕೆಂಪು ಹುಂಜ ಕುಳಿತಿತ್ತು.

ಅವರೆಲ್ಲ ಹೋದಮೇಲೆ ನಾನು ಅಡುಗೆಮನೆಯ ಸ್ಟೂಲಿನಿಂದಲೇ ಐತಿಹಾಸಿಕ ಘೋಷಣೆ ಮಾಡಿದೆ.

"ನೋಲೀನ್, ಸಾಕು. ನಾಯೀನ ಕ್ಲೆಮ್‌ಗೆ ಕೊಟ್ಬಿಡೋಣ."

ಕ್ಲೆಮ್ ನನ್ನ ಬಾಲ್ಯದ ಗೆಳೆಯ. ಊರಿಂದ ನಲವತ್ತು ಕಿಲೋಮೀಟರ್ ಆಚೆ ಅವನ ಫಾರ್ಮು.

ನೋಲೀನ್ ಚಹಾದ ಕಪ್ಪು ಒರೆಸುವುದನ್ನು ನಿಲ್ಲಿಸಿದಳು. "ಲಯನೆಲ್ ನಾಯಿನಾ?"

"ಅವನ ಹತ್ರ ಎರಡು ಸಾವಿರ ಕುರಿ ಇದೆ. ಇದು ಕೆಲಸದ ನಾಯಿ ಕಣೇ. ಕೆಲಸ ಇಲ್ದೆ ತಲೆ ಕೆಟ್ಟಿದೆ."

"ಕೆಲಸ ಇಲ್ದೆ ತಲೆ ಕೆಟ್ಟಿರೋದು ಈ ಮನೇಲಿ ಅವಳೊಬ್ಬಳಿಗೇನಾ?"

(ಈ ಮಾತನ್ನು ನಾನು ಕೇಳಿಸಿಕೊಳ್ಳಲಿಲ್ಲ.)

"ಅವಳ ಒಳ್ಳೇದಕ್ಕೇ ಹೇಳ್ತಿದೀನಿ."

"ಅವಳ ಒಳ್ಳೇದಕ್ಕಾ, ನಿನ್ನ ಎರಡನೇ ಬಿಯರ್‌ಗಾ?"

"ಎರಡಕ್ಕೂ ಅಂತಲೇ ಇಟ್ಕೋ."

ಅವಳು ಆ ಕಪ್ಪನ್ನು ಇನ್ನೊಮ್ಮೆ ಒರೆಸಿದಳು. "ಆಗ್ಲಿ. ಹದಿನೈದು ದಿನ ಬಿಟ್ಟು ನೋಡೋಣ. ಅಲ್ಲಿ ಅವಳು ಖುಷಿಯಾಗಿದ್ರೆ ಅಲ್ಲೇ ಇರ್ಲಿ, ನಾನು ಅಡ್ಡ ಬರಲ್ಲ. ಲಯನೆಲ್ ಇನ್ನೊಂದು ಸಲ ಹೋದ ಹಾಗಾಗುತ್ತೆ, ಅಷ್ಟೇ."

ಕಿರುಚಾಡಿದ್ದರೆ ನಾನೂ ಕಿರುಚಾಡಬಹುದಿತ್ತು. ಹೀಗೆ ಮೆಲ್ಲಗೆ ಹೇಳಿದರೆ ಗಂಡಸು ಏನು ಮಾಡಬೇಕು? ಮರುದಿನ ಬೆಳಿಗ್ಗೆ ನಾಯಿಯನ್ನು ಪಿಕಪ್ಪಿಗೆ ಹತ್ತಿಸಿಕೊಂಡು ಹೊರಟೆ. ಕ್ಲೆಮ್‌ನ ಗೇಟಿನಲ್ಲಿ ಇಳಿಸಿ ವಾಪಸ್ಸು ಬರುವಾಗ ಕನ್ನಡಿಯಲ್ಲಿ ನೋಡಿದೆ. ಡಚೆಸ್ ರಸ್ತೆಯ ಮಧ್ಯೆ ನಿಂತು ಪಿಕಪ್ಪನ್ನೇ ನೋಡುತ್ತಿದ್ದಳು. ನಾನು ಕನ್ನಡಿಯನ್ನು ಸ್ವಲ್ಪ ಮೇಲಕ್ಕೆ ತಿರುಗಿಸಿದೆ.

ಅಂದು ಸಂಜೆ ಪಬ್ಬಿನಲ್ಲಿ ಎರಡನೇ ಬಿಯರ್ ಕುಡಿದೆ. ಮೂರನೆಯದನ್ನೂ ಕುಡಿದೆ. ನಾಲ್ಕನೆಯದರ ಹೊತ್ತಿಗೆ ಗೆಳೆಯರೆಲ್ಲ ಒಬ್ಬೊಬ್ಬರಾಗಿ ಎದ್ದು ಹೋಗಿದ್ದರು. ಅವರಿಗೆಲ್ಲ ಮನೆಯಲ್ಲಿ ಯಾರೋ ಕಾಯುತ್ತಿದ್ದರು. ಪಬ್ಬಿನವನು ಕುರ್ಚಿಗಳನ್ನು ಮೇಜಿನ ಮೇಲೆ ಮಗುಚಿ ಹಾಕತೊಡಗಿದ. ಬಸ್‌ಸ್ಟ್ಯಾಂಡಿನಲ್ಲಿ ಯಾರೂ ಒಯ್ಯಲು ಬಾರದ ಟ್ರಂಕಿನಂತೆ ನಾನೊಬ್ಬ ಕುಳಿತಿದ್ದೆ.

ಮರುದಿನ ಶೆಡ್ಡಿನಲ್ಲಿ ಕತ್ತಲಾಗುವ ತನಕ ಇದ್ದೆ. ಮೊಳೆಗಳೆಲ್ಲ ಬೇರೆಯಾಗಿ ಮುಗಿದವು. ಬೇಜಾರಾಗಿ ಅವನ್ನು ಮತ್ತೆ ಕಲಸಿದೆ. ನಾಲ್ಕು ಗಂಟೆಗೆ ಬಾಗಿಲ ಕಡೆ ಮೂರು ಸಲ ತಿರುಗಿ ನೋಡಿದೆನೆಂದು ನಿಮಗೆ ಮಾತ್ರ ಹೇಳುತ್ತಿದ್ದೇನೆ. ಒಳಗೆ ನೋಲೀನ್ ಕುಂಬಳಕಾಯಿ ಬಡಿಸಿದಳು. ಆರಾಮಕುರ್ಚಿ ಖಾಲಿಯಿತ್ತು. ಇಬ್ಬರೂ ಅದರಲ್ಲಿ ಕೂರಲಿಲ್ಲ.

ಆರನೆಯ ದಿನ ಬೆಳಿಗ್ಗೆ ಕ್ಲೆಮ್‌ನ ಫೋನ್ ಬಂತು. ಪಿಸುಮಾತು.

"ಮರ್ವ್, ಈಗಿಂದೀಗ್ಲೇ ಬಾ. ನಾಯೀನ ವಾಪಸ್ ತಗೊಂಡು ಹೋಗು. ಜಾಸ್ತಿ ಮಾತಾಡಕ್ಕಾಗಲ್ಲ, ಥೆಲ್ಮಾ ಬರ್ತಿದಾಳೆ."

ನೋಲೀನ್ ಆಗಲೇ ಕೋಟು ಹಾಕಿಕೊಂಡಿದ್ದಳು. ನಾವು ತಲುಪಿದಾಗ ಹನ್ನೊಂದು ದಾಟಿತ್ತು. ಕ್ಲೆಮ್ ಗೇಟಿನಲ್ಲೇ ಕಾಯುತ್ತಿದ್ದ.

"ಕುರಿಗೆ ಬಾಯಿ ಹಾಕಿದ್ಲಾ?" ಎಂದೆ.

"ಬಾಯಿ ಹಾಕೋದಾ? ಕುರಿ ಕಂಡ್ರೆ ನೀರಿನ ಟ್ಯಾಂಕಿನ ಕೆಳಗೆ ನುಗ್ತಾಳೆ! ಒಂದು ಮುದಿ ಟಗರು ಅವಳನ್ನ ಅಂಗಳ ಪೂರ್ತಿ ಅಟ್ಟಾಡಿಸ್ತು. ಕುರಿ ನಾಯೀನ ಮೇಯಿಸೋದನ್ನ ಇದೇ ಮೊದ್ಲು ನೋಡಿದ್ದು ನಾನು."

"ಮತ್ತೆ ಲಯನೆಲ್ ಅಷ್ಟು ಹೇಳ್ತಿದ್ದ?"

"ಅವನ ಊರಿನ ಪಬ್ಬಿಗೆ ಫೋನ್ ಮಾಡಿ ವಿಚಾರಿಸಿದೆ. ಬಿದ್ದು ಬಿದ್ದು ನಕ್ರು. ಇವಳು ಜನ್ಮದಲ್ಲಿ ಒಂದು ಕುರೀನೂ ಅಟ್ಟಿಲ್ವಂತೆ. ದಿನಾ ಸಂಜೆ ಲಯನೆಲ್‌ನ ಪಬ್ಬಿಂದ ಮನೆಗೆ ಹೊಡ್ಕೊಂಡು ಹೋಗೋದೇ ಕೆಲಸವಂತೆ. ದಾರೀಲಿ ದೊಡ್ಡ ಕಾಲುವೆ ಇದೆ. ಎಷ್ಟು ಕುಡಿದಿದ್ರೂ ಒಂದು ದಿನಾನೂ ಅವನನ್ನ ಅದ್ರೊಳಗೆ ಬೀಳಕ್ಕೆ ಬಿಟ್ಟಿಲ್ಲ."

ನೋಲೀನ್ ಮುಖವನ್ನು ಬೇಲಿಯ ಕಡೆ ತಿರುಗಿಸಿಕೊಂಡು ಕೋಟಿನ ಜೇಬು ತಡಕಿದಳು. ನನ್ನ ಕರವಸ್ತ್ರ ಕೊಟ್ಟೆ. ಅದು ಅಷ್ಟೇನೂ ಶುದ್ಧವಾಗಿರಲಿಲ್ಲ. ಅವಳು ಬೈಯಲಿಲ್ಲ.

"ಆಮೇಲೆ ನಿಮ್ಮನೆಗೆ ಬಂದ್ಲು," ಎಂದ ಕ್ಲೆಮ್, ನನ್ನನ್ನು ಮೇಲಿಂದ ಕೆಳಗೆ ನೋಡುತ್ತ. "ಅವಳಿಗೆ ಬೇಕಾದಂಥ ಕುರಿ ಅಲ್ಲೂ ಸಿಕ್ತು."

"ಸರಿ ಮಾರಾಯ, ಈಗ ನಿನಗೇನು ತೊಂದರೆ?"

"ಈಗ ಆ ಕುರಿ ನಾನು! ಹನ್ನೆರಡಾಯ್ತೋ ಇಲ್ವೋ, ಎಲ್ಲೇ ಇರ್ಲಿ, ಹಿಂದಿಂದ ತಿವಿದು ತಿವಿದು ಊಟಕ್ಕೆ ಕರ್ಕೊಂಡು ಬರ್ತಾಳೆ. ಬೇಲಿ ಕೆಲಸ ಅರ್ಧಕ್ಕೇ ನಿಂತಿದೆ."

ಜಗುಲಿಯ ಮೇಲೆ ಅವನ ಹೆಂಡತಿ ಥೆಲ್ಮಾ ಚಹಾ ಇಟ್ಟುಕೊಂಡು ಕುಳಿತಿದ್ದಳು. ಅವಳ ಕಾಲ ಬಳಿ ಡಚೆಸ್.

"ನಾಯಿ ಎಲ್ಲಿಗೂ ಹೋಗಲ್ಲ," ಎಂದಳು ಥೆಲ್ಮಾ, ನಾವು ಬಾಯಿ ತೆರೆಯುವ ಮೊದಲೇ. "ಮಧ್ಯಾಹ್ನ ಹನ್ನೆರಡಕ್ಕೆ ಮಾತ್ರೆ ಅಂತ ಡಾಕ್ಟ್ರು ಬರೆದು ಮೂರು ವರ್ಷ ಆಯ್ತು. ಹೃದಯದ ಮಾತ್ರೆ, ಹುಡುಗಾಟ ಅಲ್ಲ. ಈ ಮನುಷ್ಯ ಹೊತ್ತಿಗೆ ಸರಿಯಾಗಿ ನುಂಗಿದ್ದು ಈ ಐದು ದಿನ ಮಾತ್ರ."

ಡಚೆಸ್ ಬಾಲ ಅಲ್ಲಾಡಿಸಿದಳು.

"ಖುಷಿಯಾಗಿದಾಳೆ," ಎಂದಳು ನೋಲೀನ್. ನನ್ನ ಕಡೆ ತಿರುಗಿ, "ನೀನೇ ಹೇಳು ಮರ್ವ್. ನೀನು ಹೇಳಿದ ಹಾಗೆ ಆಗ್ಲಿ," ಎಂದಳು.

ಮದುವೆಯಾದ ನಲವತ್ತೊಂದು ವರ್ಷದಲ್ಲಿ ಅವಳು ಈ ಮಾತು ಹೇಳಿದ್ದು ಇದೇ ಮೊದಲು. 'ಇರಲಿ' ಎಂಬ ಒಂದೇ ಮಾತು ಹೇಳಿದ್ದರೆ ನಾನು ಜೀವಮಾನವಿಡೀ ಸ್ವತಂತ್ರ. ಅಷ್ಟರಲ್ಲಿ ಡಚೆಸ್ ಎದ್ದು ಬಂದು ನನ್ನೆದುರು ನಿಂತಳು. ತಿವಿಯಲಿಲ್ಲ. ನನ್ನ ಪ್ಯಾಂಟನ್ನು, ಶೂಗಳನ್ನು, ಬೆರಳುಗಳನ್ನು ಒಂದೊಂದಾಗಿ ಮೂಸಿದಳು. ಆರು ದಿನ ನಾನು ಎಲ್ಲೆಲ್ಲಿ ತಿರುಗಿದೆ ಎಂದು ಲೆಕ್ಕ ಕೇಳುತ್ತಿದ್ದಂತಿತ್ತು.

"ಕರ್ಕೊಂಡು ಹೋಗೋಣ," ಎಂದೆ. "ನನಗೆ ಅವಳು ಬೇಕು."

ನೋಲೀನ್ ನನ್ನ ಬೆನ್ನ ಮೇಲೆ ಕೈಯಿಟ್ಟಳು. ಕಥೆಯನ್ನು ಇಲ್ಲಿಗೇ ನಿಲ್ಲಿಸಿದ್ದರೆ ನಾನು ಕಥಾನಾಯಕನಾಗಿ ಉಳಿಯುತ್ತಿದ್ದೆ. ಆದರೆ ಥೆಲ್ಮಾ ಚಹಾದ ಕೆಟಲನ್ನು ಠಕ್ಕೆಂದು ಕೆಳಗಿಟ್ಟಳು.

"ಹಾಗಾದ್ರೆ ನನ್ನ ಗಂಡನ ಗತಿ? ಸೋಮವಾರದಿಂದ ಉಣ್ಣೆ ಕತ್ತರಿಸೋ ಕೆಲಸ ಶುರು. ಆ ಗಲಾಟೇಲಿ ಅವನಿಗೆ ಮಾತ್ರೆ ಅಲ್ಲ, ನಾನೂ ನೆನಪಿರಲ್ಲ. ಅವನನ್ನ ಯಾರು ಹಿಡ್ಕೊಂಡು ಬರ್ತಾರೆ?"

ನೋಲೀನ್ ನಾಯಿಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಆ ನೋಟ ನನಗೆ ಗೊತ್ತು. ಬೀರುವನ್ನು ಯಾವ ಕೋಣೆಗೆ ಸಾಗಿಸುವುದೆಂದು ಯೋಚಿಸುವಾಗ ಅವಳು ಹಾಗೆ ನೋಡುತ್ತಾಳೆ.

"ಮರ್ವ್ ಇದಾನಲ್ಲ," ಎಂದಳು. "ಮನೇಲೂ ಸುಮ್ನೇ ಕೂತಿರ್ತಾನೆ."

"ಎಷ್ಟು ದಿನಕ್ಕೆ?" ಥೆಲ್ಮಾ ಮುಂದೆ ಬಾಗಿದಳು.

"ಉಣ್ಣೆ ಕೆಲಸ ಮುಗಿಯೋವರೆಗೂ ಇಟ್ಕೋ. ಮೂರು ವಾರ."

"ನೋಲೀನ್..." ಎಂದೆ ನಾನು.

"ಊಟಕ್ಕೆ ಏನು ಹಾಕ್ಬೇಕು?"

"ಏನು ಹಾಕಿದ್ರೂ ತಿಂತಾನೆ. ಕೊಬ್ಬು ಮಾತ್ರ ಬೇಡ. ಒಳಗೇ ಮಲಗಿಸು, ಚಳಿ ತಡೆಯಲ್ಲ."

"ಹಟ ಗಿಟ ಮಾಡ್ತಾನಾ?"

"ಒಂದೆರಡು ದಿನ ಮಂಕಾಗಿರ್ತಾನೆ. ಆಮೇಲೆ ಹೊಂದ್ಕೋತಾನೆ. ಒಳ್ಳೇ ಸ್ವಭಾವ."

ನೋಲೀನ್ ನನ್ನ ಜೇಬಿನಿಂದ ಪಿಕಪ್ಪಿನ ಕೀಲಿ ತೆಗೆದುಕೊಂಡಳು, ಕೆನ್ನೆಗೊಂದು ಮುತ್ತು ಕೊಟ್ಟಳು, ಹೊರಟಳು. ಕಿಟಕಿಯಿಂದ ಡಚೆಸ್ ತಲೆ ಹೊರಗೆ ಹಾಕಿದ್ದಳು. ಕಿವಿಗಳು ಗಾಳಿಗೆ ಪಟಪಟ ಬಡಿಯುತ್ತಿದ್ದವು. ಒಂದು ಸಲ ಹಿಂತಿರುಗಿ ನೋಡಿದಳೆಂದೇ ನನ್ನ ನಂಬಿಕೆ. ಧೂಳು ಬಹಳ ಇತ್ತು, ಖಚಿತವಾಗಿ ಹೇಳಲಾರೆ.

"ಹನ್ನೆರಡಾಯ್ತು ಮರ್ವ್," ಎಂದಳು ಥೆಲ್ಮಾ, ಹಿಂದಿನಿಂದ.

ಕ್ಲೆಮ್ ಆಗಲೇ ಕದ್ದು ದೂರದ ಬೇಲಿಯ ಹತ್ತಿರ ಹೋಗಿ ಸುತ್ತಿಗೆ ಹಿಡಿದಿದ್ದ. ನಾನು ಅಂಗಳ ದಾಟಿದ್ದನ್ನು ಕಂಡು ತಲೆ ಎತ್ತಿದ, ಆಚೀಚೆ ನೋಡಿದ. ನೇರವಾಗಿ ಹೋದರೆ ಕಾಲ್ಕಿತ್ತುಬಿಡುತ್ತಾನೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸ್ವಲ್ಪ ಬಗ್ಗಿ, ಸದ್ದು ಮಾಡದೆ, ಎಡಗಡೆಯಿಂದ ದೂರ ಬಳಸಿಕೊಂಡು ಹೊರಟೆ.