ಮೂಲೆ ಬಿಟ್ಟು ಹೋದ ಬಟನ್ನು

ಗೋಕಾಕದಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಮೂಡಲಗಿ, ಹುಕ್ಕೇರಿಗೂ ಬೈಕ್ ಮೇಲೆ ಹೋಗಿ ಬರುತ್ತೇನೆ. ಕಂಪನಿಯವರಿಗೆ ಕೆಲವು ವರ್ಷಕ್ಕೊಮ್ಮೆ ಅದೇನು ಹುಕಿ ಬರುತ್ತದೋ, ಎಲ್ಲರ ಪರದೆಯ ಮುಖ ಬದಲಿಸಿಬಿಡುತ್ತಾರೆ. ಬೈಗುಳ ಮಾತ್ರ ನನಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಈ ಸಲವಂತೂ "ಅಂವಾ ಅಪ್ಡೇಟ್ ಒತ್ತಿ ಎಲ್ಲಾ ಕೆಡಿಸಿದ" ಎಂಬ ಸುದ್ದಿ ಮೂರೂ ಊರು ಮುಟ್ಟಿ, ಗಿರಾಕಿಗಳು ಬೇರೆ ಅಂಗಡಿ ಹುಡುಕತೊಡಗಿದ್ದರು.

ಟಿಕಳಿ

ಗೋಕಾಕದ ಒಬ್ಬ ನಿವೃತ್ತ ಟೀಚರಬಾಯಿ, ಎಲ್ಲಿ ಒತ್ತಬೇಕೆಂಬುದು ಮರೆಯಬಾರದೆಂದು ಪರದೆಯ ಚೌಕಟ್ಟಿನ ಕೆಳಗಿನ ಎಡಮೂಲೆಯಲ್ಲಿ, ಸ್ಟಾರ್ಟ್ ಬಟನ್ನಿನ ಕೆಳಗೆ ತಮ್ಮ ಹಣೆಯ ಕೆಂಪು ಟಿಕಳಿ ಅಂಟಿಸಿದ್ದರು. ಅಪ್ಡೇಟ್ ಆದ ಮೇಲೆ ಬಟನ್ನು ನಡುವಿಗೆ ಸರಿಯಿತು. ಆ ಮೂಲೆಗೆ ಹವಾಮಾನ ವರದಿ ಬಂದು ಕೂತಿತು.

"ಒತ್ತಿದಾಗೊಮ್ಮೆ ಮಳಿ ಬರ್ತೈತಿ ಅಂತೈತ್ರಿ. ಮುಂಜಾನಿಂದ ಎರಡ ಸಲ ಒಣಗಾಕ ಹಾಕಿದ ಅರಿವಿ ಒಳಗ ತಂದೇನಿ."

"ಟಿಕಳಿ ಕಿತ್ತ ನಡುವ ಹಚ್ರಿ ಬಾಯಾರ, ಮುಗೀತು."

"ಯಾಕ? ಟಿಕಳಿ ಹಚ್ಚಿದ ಜಾಗಾದಾಗ ಐತಿ. ಓಡಿ ಹೋಗಿದ್ದು ನಿಮ್ಮ ಬಟನ್. ಅದನ್ನ ಹೊಳ್ಳಿ ಕರ್ಕೊಂಡ ಬರ್ರಿ!"

ಕಾಕಾನ ಫೋನು

ಮೂಡಲಗಿಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಕಾಕಾ ಒಬ್ಬರಿದ್ದಾರೆ. ಮದುವೆ ಮನೆಯವರನ್ನು ಎದುರಿಗೆ ಕೂಡಿಸಿಕೊಂಡೇ ಫೋನ್ ಮಾಡಿದರು.

"ರೈಟ್ ಕ್ಲಿಕ್ ಮಾಡಿದ್ರ ಕಾಪಿ, ಪೇಸ್ಟ್ ಎರಡೂ ಕಾಣವಲ್ವು. ವರನ ಹೆಸರ ಇನ್ನೂ ನಾಕ ಕಡೆ ಹಾಕೂದೈತಿ."

"ಅಕ್ಷರ ತಗದಾರ್ರಿ ಕಾಕಾ. ಅಲ್ಲೇ ಮ್ಯಾಲ ಸಣ್ಣ ಚಿತ್ರ ಅದಾವು ನೋಡ್ರಿ. ಒಂದ ಹಾಳಿ ಮ್ಯಾಲ ಇನ್ನೊಂದ ಹಾಳಿ ಇದ್ದಂಗ ಐತೆಲ್ಲ, ಅದ ಕಾಪಿ."

"ನಮ್ಮ ಮೊಮ್ಮಗ ಅಂಗನವಾಡ್ಯಾಗ ಚಿತ್ರ ಬಿಟ್ಟ ಅಕ್ಷರಕ್ಕ ಬಂದಾನೋ ತಮ್ಮಾ. ನಿನ್ನ ಕಂಪ್ಯೂಟರ್ ಅಕ್ಷರ ಬಿಟ್ಟ ಚಿತ್ರಕ್ಕ ಹೋಗೇತಿ!"

ಮದುವೆ ಮನೆಯವರು ನಕ್ಕಿದ್ದು ನನಗೂ ಕೇಳಿಸಿತು.

ಹಳೇದ ಬೇಕು

ಹುಕ್ಕೇರಿಯ ಒಂದು ಕಚೇರಿಯ ಕಂಪ್ಯೂಟರ್‌ಗಳನ್ನೆಲ್ಲ ನಾನೇ ನೋಡಿಕೊಳ್ಳುತ್ತೇನೆ. ಅದೊಂದು ಕೈತಪ್ಪಿದರೆ ಅಂಗಡಿಯ ಬಾಗಿಲು ಹಾಕಬೇಕಾಗುತ್ತದೆ. ಅಲ್ಲಿಯ ಹಿರಿಯ ಗುಮಾಸ್ತರು ನನ್ನನ್ನು ಕರೆಸಿ ಖಡಕ್ಕಾಗಿ ಹೇಳಿದರು: "ನನಗ ಹಳೇದ ಬೇಕ್ರಿ. ನಿಮ್ಮ ಕೈಲೆ ಆಗಲಿಲ್ಲಂದ್ರ ಬ್ಯಾರೆ ಮಂದೀನ ಕರಸ್ತೀನಿ."

ಹಳೆಯದನ್ನು ಕಂಪನಿಯೇ ನಿಲ್ಲಿಸಿಬಿಟ್ಟಿದೆ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು. "ಒಂದ ಚಾ ಕುಡದ ಬರ್ರಿ" ಎಂದು ಅವರನ್ನು ಹೊರಗೆ ಕಳಿಸಿ ಎರಡೇ ಕೆಲಸ ಮಾಡಿದೆ. ನಡುವಿನ ಬಟನ್ನನ್ನು ಎಡಕ್ಕೆ ಸರಿಸಿದೆ. ಪರದೆಯ ಹಿನ್ನೆಲೆಯ ಹೊಸ ಚಿತ್ರ ತೆಗೆದು, ಅವರು ವರ್ಷಗಟ್ಟಲೆ ನೋಡಿದ್ದ ಹಸಿರು ಗುಡ್ಡದ ಹಳೆಯ ಫೋಟೋ ಹಾಕಿದೆ. ಒಳಗಿನದೆಲ್ಲ ಹೊಸದೇ!

ಗುಮಾಸ್ತರು ಬಂದರು, ಕೂತರು, ಮೌಸ್ ಆಡಿಸಿದರು.

"ಹಾಂ! ಹಳೇದ ಅಂದ್ರ ಹಳೇದ ನೋಡ್ರಿ. ಸ್ಪೀಡೂ ಆಗೇತಿ! ಕಂಪನಿಯವರ ಕೈಲೆ ಆಗದ್ದು ನೀವು ಮಾಡಿ ತೋರಿಸಿದ್ರಿ."

ಒಳಗೊಳಗೇ ನಾಚಿಕೆಯಾದರೂ ಗುಟ್ಟು ಬಿಟ್ಟುಕೊಡಲಿಲ್ಲ. ಸದ್ಯ ಹೆಸರು ಉಳಿಯಿತಲ್ಲ ಎಂದು ಚೀಲ ಹೆಗಲಿಗೇರಿಸಿದೆ. ಗುಮಾಸ್ತರು ಆ ಕಡೆ ಈ ಕಡೆ ನೋಡಿ, ಕುರ್ಚಿ ಸರಿಸಿಕೊಂಡು ಹತ್ತಿರ ಬಂದು, ದನಿ ತಗ್ಗಿಸಿ ಕೇಳಿದರು:

"ಹೋದ ತಿಂಗಳ ನಮ್ಮ ಸಾಹೇಬ್ರೂ ಬದಲಿ ಆಗಿ ಹೊಸಬರು ಬಂದಾರ್ರಿ. ಹಳೇ ಸಾಹೇಬ್ರನ್ನ ಹೊಳ್ಳಿ ತರಾಕ ಬರ್ತೈತೇನ್ರಿ?"