ಕುರ್ಚಿಗಾಗಿ ಗೋಲು ಕಾದವನು

ಎಲ್ಲಾ ಶುರುವಾದದ್ದು ಒಂದು ಕುರ್ಚಿಯಿಂದ.

ಗಾಜಿನ ವರ್ಕ್‌ಶಾಪಿನಲ್ಲಿ ಕುರ್ಚಿ ಅನ್ನುವುದು ಸುಮ್ಮನೆ ಸಿಗುವ ಸಾಮಾನಲ್ಲ. ಆಳೆತ್ತರದ ಗಾಜು ಹಿಡಿದು ಇಬ್ಬಿಬ್ಬರು ಅಡ್ಡಡ್ಡ ನಡೆಯುವ ಜಾಗ ಅದು. ಕಾಲಿಗೊಂದು ಸ್ಟೂಲು ತಗುಲಿದರೂ ಸಾಕು, ದುಡಿಮೆಯೆಲ್ಲ ಚೂರುಚೂರು. ಹಾಗಾಗಿ ಕೆಲಸದವರು ಬೆಳಗ್ಗೆಯಿಂದ ಸಂಜೆವರೆಗೂ ನಿಂತೇ ಇರಬೇಕು. ಚಹಾ ಕುಡಿಯುವುದೂ ನಿಂತೇ, ಜಗಳ ಆಡುವುದೂ ನಿಂತೇ. ಕೂರುವ ಭಾಗ್ಯ ಫೋರ್‌ಮನ್‌ಗೆ ಮಾತ್ರ. ಗೇಟಿನ ಪಕ್ಕದಲ್ಲಿ ಅವನ ಕುರ್ಚಿ: ಕೆಳಗೆ ಚಕ್ರ, ಎರಡು ಪಕ್ಕ ಕೈ, ನಾವು ಒರಗಿದರೆ ತಾನೂ ಒರಗುವ ಬೆನ್ನು. ಹಳೇ ಫೋರ್‌ಮನ್ ನಿನ್ನೆ ತಾನೇ ರಿಟೈರ್ ಆಗಿದ್ದ. ಕುರ್ಚಿ ಖಾಲಿ ಇತ್ತು.

ಗಾಜು ಕತ್ತರಿಸುವ ಮೇಜಿನ ಹಿಂದೆ ನಿಂತು ಆ ಕುರ್ಚಿಯನ್ನು, ಹಸಿದವನು ಬೇಕರಿಯ ಕಪಾಟನ್ನು ನೋಡುವ ಹಾಗೆ ನೋಡುತ್ತಿದ್ದವನು ಅಳತೆ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಆದರೆ ಯಾವುದನ್ನೂ ಎರಡೆರಡು ಸಲ ಅಳೆಯದೆ ಮುಟ್ಟದ ಆಸಾಮಿ ಆದ್ದರಿಂದ ವರ್ಕ್‌ಶಾಪಿನಲ್ಲಿ ಅವನು ಬರೀ ‘ಅಳತೆ’. ನಿಂತೂ ನಿಂತೂ ಅವನ ಮೊಣಕಾಲುಗಳು ತುಕ್ಕು ಹಿಡಿದ ಕೀಲಿನ ಹಾಗೆ ಆಗಿದ್ದವು. ಮನೆಯಲ್ಲಿ ಎಣ್ಣೆ ತಿಕ್ಕುವಾಗಲೆಲ್ಲ ಹೆಂಡತಿ, “ಹಿಂಗೇ ನಿಲ್ತಾ ಇದ್ರೆ ಇನ್ನು ಸ್ವಲ್ಪ ದಿನಕ್ಕೆ ನಿಮ್ಮನ್ನ ಏಣಿ ಥರ ಗೋಡೆಗೆ ಒರಗಿಸಿ ಇಡ್ಬೇಕಾಗತ್ತೆ” ಅನ್ನುತ್ತಿದ್ದಳು. ಫೋರ್‌ಮನ್‌ನ ಅಧಿಕಾರ, ಹೆಚ್ಚಿನ ಸಂಬಳ, ಅದೆಲ್ಲ ಯಾರಿಗೆ ಬೇಕು? ಅವನಿಗೆ ಬೇಕಾದದ್ದು ಆ ಕುರ್ಚಿ.

ಅವನಷ್ಟೇ ಹಳಬನಾದ ಇನ್ನೊಬ್ಬನಿದ್ದ. ಮೂಲೆಯ ಮಷೀನಿನಲ್ಲಿ ಗಾಜಿನ ಅಂಚು ಉಜ್ಜುವವನು, ಪಾಲಿಶ್. ಇಬ್ಬರಲ್ಲಿ ಯಾರು ಅನ್ನುವುದನ್ನು ಯಜಮಾನರು ಹೇಳಬೇಕಿತ್ತು.

ಯಜಮಾನರು ಬಂದರು. ಕಾಲಲ್ಲಿ ಹೊಸ ಬಿಳೀ ಸ್ಪೋರ್ಟ್ಸ್ ಶೂ.

“ಎಲ್ಲಾ ಇಲ್ಲಿ ಕೇಳಿ,” ಎಂದು ಚಪ್ಪಾಳೆ ತಟ್ಟಿದರು. “ಚಿಕ್ಕ ವಯಸ್ಸಲ್ಲಿ ಮೈದಾನದಲ್ಲಿ ಬಿದ್ದು ಎದ್ದವನು ಇದಾನಲ್ಲ, ಮುಂದೆ ನಾಲ್ಕು ಜನರನ್ನ ನಡೆಸೋ ತಾಕತ್ತು ಅವನಿಗೇ ಬರೋದು. ಆಟ ಕಲಿಸೋ ಅಷ್ಟನ್ನ ಯಾವ ಮೇಷ್ಟ್ರೂ ಕಲಿಸಲ್ಲ. ನನ್ನನ್ನೇ ನೋಡಿ. ಕಾಲೇಜಲ್ಲಿ ಹೈಜಂಪು. ಅದಕ್ಕೇ ಬಿಸಿನೆಸ್ಸಲ್ಲಿ ಏನು ಅಡ್ಡ ಬಂದ್ರೂ ಹಾರ್ತೀನಿ.”

“ಟ್ಯಾಕ್ಸಿನವ್ರು ಬಂದಾಗ ಹಿಂದಿನ ಕಾಂಪೌಂಡೂ ಹಾರಿದ್ರು,” ಎಂದು ಲಾರಿ ಡ್ರೈವರ್ ಅಳತೆಯ ಕಿವಿಯಲ್ಲಿ ಉಸುರಿದ.

“ಪಾಲಿಶ್, ನೀನೇನು ಆಡ್ತಿದ್ದೆ?”

“ಏನೂ ಇಲ್ಲ ಸಾರ್. ಓಡಿದ್ರೆ ದಮ್ಮು ಹತ್ತೋದು. ಹುಡುಗರ ಬ್ಯಾಗು ಕಾಯ್ತಾ ಮರದ ಕೆಳಗೆ ಕೂತಿರ್ತಿದ್ದೆ.”

ಯಜಮಾನರು, ಸತ್ತ ಸುದ್ದಿ ಕೇಳಿದವರ ಹಾಗೆ ಲೊಚಗುಟ್ಟಿದರು. “ಅಳತೆ, ನೀನು?”

ಅಳತೆ ಹುಟ್ಟಿದಾಗಿನಿಂದ ಮೊದಲ ಬಾರಿಗೆ ಅಳೆಯದೆ ಬಾಯಿ ಬಿಟ್ಟ. “ಫುಟ್‌ಬಾಲ್ ಸಾರ್. ಗೋಲಲ್ಲಿ ನಿಲ್ತಿದ್ದೆ.”

ಪೂರ್ತಿ ಸುಳ್ಳೇನೂ ಅಲ್ಲ. ಅವನ ಶಾಲೆಯ ಮೈದಾನದಲ್ಲಿ ಗೋಲಿನ ಒಂದು ಕಂಬ ಮುರಿದುಹೋಗಿತ್ತು. ಆಟ ಬಾರದ ಈ ಹುಡುಗನನ್ನು ಆ ಜಾಗದಲ್ಲಿ ನಿಲ್ಲಿಸುತ್ತಿದ್ದರು. ಅಂದರೆ ಅವನು ಗೋಲಿನಲ್ಲಿ ನಿಂತದ್ದು ನಿಜ, ಕಂಬವಾಗಿ.

ಯಜಮಾನರ ಮುಖ ಅರಳಿತು. “ಅಬ್ಬಾ! ಹಳೇ ಫೋರ್‌ಮನ್ನೇ ನಮ್ಮ ಟೀಮಿಗೆ ಗೋಲ್‌ಕೀಪರು. ಅವನು ಹೋದ, ಇವತ್ತು ಸಂಜೆ ಪ್ಲೈವುಡ್ ಅಂಗಡಿಯವರ ಜೊತೆ ಮ್ಯಾಚು, ಏನಪ್ಪಾ ಗತಿ ಅನ್ಕೋತಿದ್ದೆ. ನೀನೇ ನಿಲ್ಲು. ಮೈದಾನದಲ್ಲಿ ನಿನ್ನ ಕ್ಯಾರೆಕ್ಟರ್ ನೋಡಿ, ಫೋರ್‌ಮನ್ ಯಾರು ಅಂತ ಅಲ್ಲೇ ಹೇಳ್ಬಿಡ್ತೀನಿ.”

ಅಳತೆ ಟಾಯ್ಲೆಟ್ಟಿಗೆ ಹೋಗಿ ಚಿಲಕ ಹಾಕಿಕೊಂಡು ಹೆಂಡತಿಗೆ ಫೋನ್ ಮಾಡಿದ.

“ಗೋಲ್‌ಕೀಪರ್ರಾ? ನೀವಾ? ಕಂಬ ಆಗಿದ್ದೆ ಅಂತ ನೀವೇ ಅಲ್ವೇನ್ರೀ ಹೇಳಿದ್ದು?”

“ಮೆತ್ತಗೆ ಮಾತಾಡೇ. ಕುರ್ಚಿ ವಿಷಯ ಇದು.”

“ಮೊಣಕಾಲು?”

“ಇದೆ.”

“ಇದೆ ಅಂತ ನಂಗೂ ಗೊತ್ತು. ಬಗ್ಗತ್ತಾ ಅಂತ ಕೇಳಿದ್ದು. ಇರಿ, ಕಾಲಿಗೆ ಕಟ್ಟೋ ಪಟ್ಟಿ ತಗೊಂಡು ಸಂಜೆ ನಾನೇ ಬರ್ತೀನಿ.”

ಊಟದ ಹೊತ್ತಿನಲ್ಲಿ ಟೀಮಿನ ಕ್ಯಾಪ್ಟನ್ ಆದ ಲಾರಿ ಡ್ರೈವರ್ ಒರೆಸುವ ಬಟ್ಟೆಗಳನ್ನು ಉಂಡೆ ಸುತ್ತಿ, “ಎಲ್ಲಿ, ಹಿಡಿ ನೋಡೋಣ” ಎಂದು ಎಸೆದ. ಅಳತೆ ಎರಡೂ ಕೈ ಮೇಲೆತ್ತಿ, ಒಂದು ಹೆಜ್ಜೆ ಹಿಂದಕ್ಕೆ ಹಾರಿ, ಉಂಡೆಯನ್ನು ಮರ್ಯಾದೆಯಿಂದ ನೆಲಕ್ಕೆ ಬೀಳಲು ಬಿಟ್ಟ. ಇನ್ನೊಂದು ಎಸೆದ. ಅದೇ ಕಥೆ.

“ಏನಯ್ಯಾ ಇದು? ಪೊಲೀಸ್ರು ಬಂದೂಕು ತೋರ್ಸಿದ್ರಾ?”

ತಪ್ಪು ಅಳತೆಯದಲ್ಲ, ಗಾಜಿನದು. ಗಾಜಿನ ಕೆಲಸಕ್ಕೆ ಸೇರಿದವನಿಗೆ ಮೊದಲ ದಿನ ಹೇಳಿಕೊಡುವುದು ಒಂದೇ ಮಾತು: ಬೀಳುವುದನ್ನು ಹಿಡಿಯಬೇಡ. ಗಾಜು ಜಾರಿತೋ, ಕೈ ಮೇಲೆತ್ತಿ ಹಿಂದಕ್ಕೆ ಸರಿ. ಗಾಜು ಇನ್ನೊಂದು ಬರುತ್ತದೆ, ಬೆರಳು ಬರುವುದಿಲ್ಲ. ಇಷ್ಟು ವರ್ಷ ಈ ಮಾತು ಕೇಳಿ ಕೇಳಿ ಅವನ ಮೈಗೆ ಅದು ಎಷ್ಟು ಅಂಟಿಕೊಂಡಿತ್ತೆಂದರೆ, ಮನೆಯಲ್ಲಿ ಹೆಂಡತಿ ಸೊಪ್ಪಿನ ಕಟ್ಟು ಎಸೆದರೂ ಕೈಯೆತ್ತಿ ಸರಿಯುತ್ತಿದ್ದ.

“ಚೆಂಡು ಗಾಜಲ್ಲ ಅಂತ ಮನಸ್ಸಿಗೆ ಹೇಳ್ಕೋ,” ಎಂದ ಡ್ರೈವರ್.

“ಮನಸ್ಸಿಗೆ ಗೊತ್ತು ಮಾರಾಯ. ಕಾಲಿಗೆ ಯಾರು ಹೇಳೋದು?”

ಮೂಲೆಯಲ್ಲಿ ನಿಂತು ಡಬ್ಬಿ ತೊಳೆಯುತ್ತಿದ್ದ ಪಾಲಿಶ್, “ಅಳತೆ, ನಿಮ್ಮ ಸ್ಕೂಲಲ್ಲಿ ಗೋಲ್‌ಕೀಪರ್‌ಗೆ ಚೆಂಡಿಗೆ ದಾರಿ ಬಿಡೋದು ಕಲಿಸ್ತಿದ್ರಾ?” ಎಂದು ಬಹಳ ಸಾಧುವಾಗಿ ಕೇಳಿದ. ಅಳತೆ ಕೇಳಿಸದವನ ಹಾಗೆ ಗಾಜು ಒರೆಸಿದ.

ಸಂಜೆ ವರ್ಕ್‌ಶಾಪಿನ ಹಿಂದಿನ ಬಯಲು. ಗಾಜು ಹಿಡಿಯುವ ಚರ್ಮದ ಗ್ಲೌಸನ್ನೇ ತೊಟ್ಟು ಅಳತೆ ಗೋಲಿನ ನಡುವೆ ನಿಂತ. ಅಭ್ಯಾಸಬಲ, ಮೊದಲು ಕಂಬದ ಹತ್ತಿರ ಹೋಗಿ ನಿಂತಿದ್ದ. ಡ್ರೈವರ್ ತೋಳು ಹಿಡಿದು ನಡುವಿಗೆ ಎಳೆದು ತಂದ.

ಪ್ಲೈವುಡ್‌ನವರಲ್ಲಿ ಒಬ್ಬ ದಪ್ಪ ಮೀಸೆಯವನಿದ್ದ. ದಿನವಿಡೀ ಹಲಗೆ ಹೊತ್ತು ಅವನ ತೊಡೆಗಳು ಮರದ ದಿಮ್ಮಿಯಂತಿದ್ದವು. ವಿಸಿಲ್ ಆಗಿ ಎಲ್ಲರೂ ಸರಿಯಾಗಿ ಉಸಿರು ಬಿಡುವ ಮೊದಲೇ ಅವನು ಚೆಂಡು ಒದ್ದ. ಚೆಂಡು ನೇರ ಅಳತೆಯ ಎದೆಗೆ ಬಂತು. ಮಗು ಕೂಡ ತಬ್ಬಿಕೊಳ್ಳಬಹುದಾದ ಚೆಂಡು. ಅಳತೆ ಎರಡೂ ಕೈ ಮೇಲೆತ್ತಿ ಪಕ್ಕಕ್ಕೆ ಸರಿದ. ಚೆಂಡು ಒಳಗೆ ಹೋಯಿತು.

ಪ್ಲೈವುಡ್‌ನವರು ಒಂದು ಕ್ಷಣ ಕುಣಿಯುವುದನ್ನೂ ಮರೆತು ನೋಡಿದರು.

“ಆರಂಭದಲ್ಲಿ ಹೀಗಾಗತ್ತೆ,” ಎಂದು ಯಜಮಾನರು ಆಚೆಯಿಂದ ಕೂಗಿದರು.

ಆರಂಭದಲ್ಲಿ ಆದದ್ದೇ ಮಧ್ಯದಲ್ಲೂ ಆಯಿತು. ಮೀಸೆಯವನಿಗೆ ಗುಟ್ಟು ಗೊತ್ತಾಗಿಬಿಟ್ಟಿತು: ಇವನು ಎಲ್ಲಿ ನಿಂತಿದ್ದಾನೋ ಅಲ್ಲಿಗೇ ಒದ್ದರೆ ಸಾಕು, ಜಾಗ ತಾನೇ ಖಾಲಿಯಾಗುತ್ತದೆ. ಆಮೇಲೆ ಟೀಮಿಗೆ ಟೀಮೇ ಅಳತೆಯ ಹೊಟ್ಟೆಗೆ ಗುರಿಯಿಟ್ಟು ಒದೆಯತೊಡಗಿತು. ಅಳತೆ ಬಸ್ಸಿಗೆ ದಾರಿ ಬಿಡುವ ಸಂಭಾವಿತನ ಹಾಗೆ ಕೈಯೆತ್ತಿ ಸರಿಯುತ್ತಲೇ ಇದ್ದ. ಎಷ್ಟು ಗೋಲು ಅಂತ ಬರೆಯುತ್ತಿದ್ದವನು ಸೀಮೆಸುಣ್ಣ ಮುಗಿಯಿತೆಂದು ಎದ್ದುಹೋದ.

“ಸ್ವಾಮೀ, ಒಂದು ಸಲನಾದ್ರೂ ಮುಟ್ಟಿ!” ಎಂದು ಡ್ರೈವರ್ ಕೈ ಮುಗಿದ. ಯಜಮಾನರ ಬಿಳೀ ಶೂ ಅತ್ತಿಂದಿತ್ತ ಓಡಾಡುವುದು ನಿಂತುಹೋಗಿತ್ತು. ಅವರ ಕಣ್ಣು ಆಗಾಗ, ಎಲ್ಲರ ಬಟ್ಟೆ ಕಾಯುತ್ತಾ ಕಲ್ಲಿನ ಮೇಲೆ ಕೂತಿದ್ದ ಪಾಲಿಶ್ ಕಡೆ ಹೋಗುತ್ತಿತ್ತು. ಅದನ್ನು ನೋಡಿ ಅಳತೆಗೆ ಕುರ್ಚಿ ಚಕ್ರದ ಮೇಲೆ ಉರುಳಿಕೊಂಡು ದೂರ ಹೋಗುತ್ತಿರುವುದು ಕಣ್ಣಿಗೆ ಕಟ್ಟಿತು.

ಮಧ್ಯಂತರದಲ್ಲಿ ಹೆಂಡತಿ ಪಟ್ಟಿ ಹಿಡಿದು ಓಡಿಬಂದಳು.

“ಅಲ್ರೀ, ಚೆಂಡು ಬಂದ್ರೆ ಹಿಡೀಬೇಕು. ಸ್ವಾಗತ ಮಾಡಿ ಒಳಗೆ ಕಳಿಸ್ತೀರಲ್ಲ!”

“ಕಾಲು ತಾನೇ ಸರಿಯತ್ತೆ ಕಣೇ.”

“ಸರಿಯತ್ತಾ? ನೋಡ್ತೀನಿ ಅದು ಹೆಂಗೆ ಸರಿಯತ್ತೆ ಅಂತ.”

ಅವಳು ಎರಡೂ ಮೊಣಕಾಲಿಗೆ ಪಟ್ಟಿ ಸುತ್ತಿದಳು. ಮನೆ ಖಾಲಿ ಮಾಡುವಾಗ ಹಾಸಿಗೆ ಕಟ್ಟುವ ಹೆಂಗಸು ಅವಳು; ಒಂದು ಕಾಲಿಟ್ಟು ಒತ್ತಿ ಎಳೆದು ಗಂಟು ಹಾಕಿದಳು. ಅಳತೆ “ಅಯ್ಯೋ” ಅನ್ನುವಷ್ಟರಲ್ಲಿ ವಿಸಿಲ್ ಆಯಿತು. ಇಬ್ಬರು ಅವನನ್ನು ಗಾಜಿನ ಹಲಗೆಯ ಹಾಗೆ ನೆಟ್ಟಗೆ ಎತ್ತಿಕೊಂಡು ಹೋಗಿ ಗೋಲಿನ ನಡುವೆ ಇಟ್ಟು ಬಂದರು.

ಅವನ ಕಾಲು ಬಗ್ಗಲಿಲ್ಲ. ಸರಿಯಲಿಲ್ಲ. ಮೊದಲೇ ತುಕ್ಕು, ಮೇಲೆ ಆ ಗಂಟು. ಮೀಸೆಯವನು ರೂಢಿಯಂತೆ ಅವನ ಹೊಟ್ಟೆಗೇ ಒದ್ದ. ಅಳತೆ ಕೈ ಮೇಲೆತ್ತಿದ, ಹಿಂದಕ್ಕೆ ಸರಿಯಲು ಮನಸ್ಸು ಮಾಡಿದ. ಮನಸ್ಸು ಸರಿಯಿತು, ಅವನು ಅಲ್ಲೇ ಉಳಿದ. ಚೆಂಡು ‘ಢಬ್’ ಎಂದು ಹೊಟ್ಟೆಗೆ ಬಡಿದು ವಾಪಸ್ಸು ಹೋಯಿತು.

“ಭೇಷ್!” ಎಂದು ಯಜಮಾನರು ಎದ್ದು ನಿಂತರು.

ಪ್ಲೈವುಡ್‌ನವರಿಗೆ ನಂಬಿಕೆಯಾಗಲಿಲ್ಲ. ಇದೊಂದು ಸಲ ಮರೆತಿರಬೇಕು, ಮುಂದಿನ ಸಲ ಸರಿದೇ ಸರಿಯುತ್ತಾನೆ ಎಂದು ಮತ್ತೆ ಅಲ್ಲಿಗೇ ಒದ್ದರು. ಭುಜಕ್ಕೆ ಬಿತ್ತು. ತೊಡೆಗೆ ಬಿತ್ತು. ಒಂದು ಸಲ ಮುಖಕ್ಕೇ ಬಿದ್ದು ಮೂಗು ಟೊಮೇಟೊ ಆಯಿತು. ಅಳತೆ ಅಲುಗಲಿಲ್ಲ. ನೋವಿಗೆ ಅವನ ಕಣ್ಣಲ್ಲಿ ನೀರು ಬಂದದ್ದನ್ನು ಯಜಮಾನರು ಛಲ ಎಂದು ಓದಿಕೊಂಡರು.

“ನೋಡ್ರೋ, ಒಂದು ಇಂಚು ಕದಲ್ತಾ ಇಲ್ಲ! ಇದು ಚಿಕ್ಕಂದಿನಿಂದ ಬರಬೇಕು! ಕೊಂಡ್ರೆ ಸಿಗಲ್ಲ!”

“ಪಟ್ಟಿ ಕಟ್ಟಿದ್ದು ನಾನು,” ಎಂದಳು ಹೆಂಡತಿ. ಗದ್ದಲದಲ್ಲಿ ಯಾರೂ ಕೇಳಿಸಿಕೊಳ್ಳಲಿಲ್ಲ.

ಕೊನೆಯ ವಿಸಿಲ್ ಆಗುವವರೆಗೂ ಇನ್ನೊಂದು ಗೋಲು ಆಗಲಿಲ್ಲ. ಗಾಜಿನವರು ಮೊದಲರ್ಧದಲ್ಲೇ ಸೋತು ಸುಣ್ಣವಾಗಿದ್ದರು ಅನ್ನುವುದು ಬೇರೆ ಮಾತು. ಆದರೆ ಯಜಮಾನರು ಓಡಿಬಂದು ಅಳತೆಯನ್ನು ತಬ್ಬಿಕೊಂಡರು.

“ಗೆಲ್ಲೋದು ಸೋಲೋದು ಬಿಡಪ್ಪಾ. ಅಷ್ಟು ಗೋಲು ತಿಂದ್ಮೇಲೆ ಇನ್ನೊಬ್ಬ ಆಗಿದ್ರೆ ಮನೆಗೆ ಓಡಿರೋನು. ನೀನು ಬಂಡೆ ಥರ ನಿಂತೆ. ಇವತ್ತಿಂದ ನೀನೇ ಫೋರ್‌ಮನ್!”

ಎಲ್ಲರೂ ಚಪ್ಪಾಳೆ ಹೊಡೆದರು. ಪಾಲಿಶ್ ಕೂಡ ಬಂದು ಮನಸಾರೆ ಕೈ ಕುಲುಕಿದ. ಹೆಂಡತಿ ಸೆರಗಿನಿಂದ ಗಂಡನ ಮೂಗು ಒರೆಸಿದಳು. ಅಳತೆಗೆ ಮೂಗಿನ ನೋವು, ಹೊಟ್ಟೆಯ ನೋವು ಯಾವುದೂ ಗೊತ್ತಾಗಲಿಲ್ಲ. ಬೀಗ ಹಾಕುವ ಮೊದಲು ಒಂದು ಸಲ, ಒಂದೇ ಒಂದು ಸಲ ಕೂತು ಒರಗಿ ನೋಡಬೇಕು ಎಂದು, ಎರಡು ಕಡ್ಡಿಗಳ ಮೇಲೆ ನಡೆಯುವವನ ಹಾಗೆ ಕಾಲು ಎಳೆಯುತ್ತಾ ವರ್ಕ್‌ಶಾಪಿಗೆ ಬಂದ. ಹಿಂದೆಯೇ ಉಳಿದವರೂ ಬಂದರು.

ಗೇಟಿನ ಪಕ್ಕ ಕುರ್ಚಿ ಇರಲಿಲ್ಲ.

ಎಲ್ಲರಿಗಿಂತ ಮುಂದೆ ಬಂದಿದ್ದ ಲಾರಿ ಡ್ರೈವರ್ ಅದನ್ನು ಯಜಮಾನರ ಅಪ್ಪಣೆಯಂತೆ ಒಳಕ್ಕೆ ಉರುಳಿಸಿಕೊಂಡು ಹೋಗುತ್ತಿದ್ದ.

“ಸಾರ್... ಕುರ್ಚಿ...”

“ತೆಗೆಸ್ಬಿಟ್ಟೆ ಕಣಯ್ಯಾ!” ಯಜಮಾನರು ಹೆಮ್ಮೆಯಿಂದ ನಕ್ಕರು. “ನಿನ್ನಂಥ ಆಟಗಾರನಿಗೆ ಕುರ್ಚಿ ಕೊಟ್ರೆ ಅವಮಾನ ಮಾಡಿದ ಹಾಗೆ. ಇಷ್ಟು ಪೆಟ್ಟು ತಿಂದೂ ನಿಲ್ಲೋನು, ಗೇಟಲ್ಲಿ ನಿಲ್ಲೋದು ದೊಡ್ಡ ವಿಷಯಾನಾ? ನಾಳೆಯಿಂದ ಗೋಲಲ್ಲಿ ನಿಂತ ಹಾಗೇ ಅಲ್ಲಿ ನಿಲ್ಲು. ಹುಡುಗರು ನೋಡಿ ಕಲೀಲಿ.”

“ಮತ್ತೆ ಅದು... ಎಲ್ಲಿಗೆ ಸಾರ್?”

“ಪಾಲಿಶ್‌ಗೆ. ಪಾಪ, ಚಿಕ್ಕಂದಿನಲ್ಲಿ ಒಂದು ಆಟಾನೂ ಆಡಿಲ್ಲ, ನಿಲ್ಲೋ ಶಕ್ತಿ ಎಲ್ಲಿಂದ ಬರ್ಬೇಕು? ಮೂಲೇಲಿರೋ ಮಷೀನು, ಯಾರ ದಾರಿಗೂ ಅಡ್ಡ ಇಲ್ಲ. ಕೂತೇ ಉಜ್ಜಲಿ.”

ಮೂಲೆಯಲ್ಲಿ ಪಾಲಿಶ್ ಮೆಲ್ಲಗೆ ಕೂತ. ಒರಗಿದ. ಬೆನ್ನು ತಾನೂ ಒರಗಿತು. ಕಣ್ಣು ಮುಚ್ಚಿ ಒಂದು ದೀರ್ಘ ಉಸಿರು ಬಿಟ್ಟ. ಆಮೇಲೆ ಅಳತೆಯ ಮುಖ ನೋಡಿ ಅರ್ಧ ಎದ್ದು, “ಬಾರೋ ಅಳತೆ, ಒಂದ್ನಿಮಿಷ ನೀನೂ ಕೂತ್ಕೋ,” ಎಂದ.

ಅಳತೆ ಕಾಲೆಳೆಯುತ್ತಾ ಕುರ್ಚಿಯ ಕಡೆ ಹೊರಟ. ಯಜಮಾನರು ಅವನ ಭುಜ ಹಿಡಿದು ನಿಲ್ಲಿಸಿದರು.

“ಏಯ್ ಪಾಲಿಶ್, ಸುಮ್ನಿರು! ಒಳ್ಳೇ ಆಟಗಾರನ ಅಭ್ಯಾಸ ಕೆಡಿಸ್ಬೇಡ.”